ಇದ್ದಿಲು ಆರಿಸುವ ಶನಿವಾರ

ಇದ್ದಿಲಿನ ಗೋಣಿಚೀಲ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಬಿಳಿ ಬಟ್ಟೆ ಹಾಕುವುದಿಲ್ಲ. ಒಮ್ಮೆ ಮಗಳ ಶಾಲೆಯ ಸಾಕ್ಸ್ ಹಿತ್ತಲ ತಂತಿಯ ಮೇಲೆ ಒಣಗುತ್ತಿದ್ದಾಗಲೇ ನಾನು ಚೀಲ ಕೊಡವಿದೆ. ಆ ಸಾಕ್ಸ್ ಮತ್ತೆ ಬಿಳಿ ಆಗಲೇ ಇಲ್ಲ. ಅಂದಿನಿಂದ ಶನಿವಾರ ಬೆಳಿಗ್ಗೆ ನಾನು ಹಿತ್ತಲ ಬಾಗಿಲು ತೆಗೆದರೆ ಸಾಕು, ಒಳಗಿನಿಂದ ನನ್ನಾಕೆಯ ದನಿ ಬರುತ್ತದೆ: "ತಂತಿ ನೋಡಿದ್ರಾ?"

ನಾವಿರುವುದು ಗೋವಾದಲ್ಲಿ, ಮಡಗಾಂವ್ ಪಕ್ಕದ ನಾವೇಲಿಯಲ್ಲಿ ಒಂದು ಬಾಡಿಗೆ ಮನೆ. ಊರು ಅಂಕೋಲಾ. ಕೆಲಸ ವೆರ್ಣಾದ ಒಂದು ಕಾರ್ಖಾನೆಯಲ್ಲಿ, ಬಾಯ್ಲರ್ ನೋಡಿಕೊಳ್ಳುವುದು. ವಾರವಿಡೀ ಬೆಂಕಿ ಕಾದು ಸಂಬಳ ತಗೊಳ್ಳುವವನು ರಜೆಯ ದಿನವೂ ಬೆಂಕಿಯ ಮುಂದೆಯೇ ಕೂರುತ್ತಾನೆ ಎಂದು ಮನೆಯವರು ನಗುತ್ತಾರೆ. ನಗಲಿ. ಊಟಕ್ಕೆ ಮಾತ್ರ ಎಲ್ಲರೂ ಮೊದಲೇ ತಟ್ಟೆ ಹಿಡಿದು ಬರುತ್ತಾರೆ.

ಹಿತ್ತಲಲ್ಲಿ ನನ್ನದೊಂದು ಸ್ಮೋಕರ್ ಇದೆ. ಕಡಿಮೆ ಶಾಖದಲ್ಲಿ, ಹೊಗೆಯಲ್ಲಿ, ಗಂಟೆಗಟ್ಟಲೆ ಮಾಂಸ ಬೇಯಿಸುವ ಸಾಧನ. 200 ಲೀಟರಿನ ಒಂದು ಡ್ರಮ್, ಅಷ್ಟೇ. ಅದಕ್ಕೆ ಹಾಕುವುದು ನಮ್ಮ ಮಾಮೂಲಿ ಮರದ ಇದ್ದಿಲು. ಈ ಹವ್ಯಾಸದವರು ಅದನ್ನು ಲಂಪ್ ಚಾರ್ಕೋಲ್ ಅನ್ನುತ್ತಾರೆ. ಹೆಸರು ಕೇಳಿ ನಾನೂ ಮೊದಲು ಹೆದರಿದ್ದೆ. ಒಂದು ದೊಡ್ಡ ಅಂಗಡಿಯಲ್ಲಿ ಬಣ್ಣದ ಕಾಗದದ ಚೀಲದಲ್ಲಿ ಹೊರದೇಶದ ಇದ್ದಿಲು ನೋಡಿ, ಬೆಲೆ ಓದಿ, ಅಲ್ಲೇ ಮೆಲ್ಲಗೆ ವಾಪಸ್ ಇಟ್ಟೆ. ಮೇಲೆ ಮೆಸ್ಕೀಟ್ ಎಂದು ಬರೆದಿತ್ತು. ಮನೆಗೆ ಬಂದು ಅದು ಯಾವ ಮರ ಎಂದು ಹುಡುಕಿದರೆ, ಅಮೆರಿಕದ ಟೆಕ್ಸಾಸ್ ಕಡೆಯ ಮುಳ್ಳಿನ ಮರ, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ! ಎರಡೂ ಪ್ರೊಸೊಪಿಸ್ ಜಾತಿಯವು. ಬಯಲುಸೀಮೆಯ ಕೆರೆ ಅಂಗಳವನ್ನೆಲ್ಲ ನುಂಗಿದೆ ಎಂದು ನಾವು ಬೈಯುವ ಅದೇ ಜಾಲಿ. ಗುಜರಾತಿನ ಕಚ್ಛ್‌ನಲ್ಲೂ ತಮಿಳುನಾಡಿನ ರಾಮನಾಥಪುರದ ಕಡೆಯೂ ಅದನ್ನೇ ಸುಟ್ಟು ಇದ್ದಿಲು ಮಾಡಿ ಮಾರುತ್ತಾರೆ.

ಈ ವಿಷಯವನ್ನು ನನ್ನ ಪರಿಚಯದ ಒಬ್ಬ ವೆಲ್ಡರನಿಗೆ ಹೇಳಿದಾಗ ಅವನು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ. ಗದಗಿನ ಕಡೆಯವನು, ಇಲ್ಲಿ ಗೇಟು, ಗ್ರಿಲ್ಲು ಮಾಡಿಕೊಂಡಿದ್ದಾನೆ. "ಜಾಲಿ ಮುಳ್ಳಿಗೆ ರೊಕ್ಕಾ ಕೊಡ್ತಾರ್ರೀ ಅಲ್ಲಿ? ನಮ್ಮೂರಾಗ ಕಡದು ಒಯ್ಯಂದ್ರೂ ಯಾರೂ ಬರಂಗಿಲ್ಲ."

ಡ್ರಮ್ ಕೊರೆದು ಕೊಟ್ಟವನು ಅವನೇ. ಅಡುಗೆ ಎಣ್ಣೆ ಬಂದಿದ್ದ ಡ್ರಮ್ ಹುಡುಕಿದೆವು. ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಊಟಕ್ಕೆ ಬಳಸುವ ಮಾತೇ ಬೇಡ. ಒಳಗೆ ಸೌದೆ ಹಾಕಿ ಕೆಂಪಗೆ ಸುಟ್ಟು, ತಂತಿ ಬ್ರಷ್ಷಿನಿಂದ ತಿಕ್ಕಿ, ಗಾಳಿ ಒಳಗೆ ಬರಲು ಬುಡದಲ್ಲಿ ಮೂರು ಕಡೆ ಮುಕ್ಕಾಲು ಇಂಚಿನ ಪೈಪು ಕೂರಿಸಿದ. ಎರಡಕ್ಕೆ ಮುಚ್ಚಳ, ಒಂದಕ್ಕೆ ವಾಲ್ವ್. ಮೇಲಿನ ಮುಚ್ಚಳದಲ್ಲಿ ಹೊಗೆ ಹೋಗಲು ಎಂಟು ತೂತು. ಇದ್ದಿಲು ತುಂಬುವ ಬುಟ್ಟಿಗೆ ನಾನು ಹೊಳೆಯುವ ಜಿಐ ಜಾಲರಿ, ಅಂದರೆ ಸತು ಲೇಪಿಸಿದ್ದು, ತಂದಿದ್ದೆ. ಅವನು ಮುಟ್ಟಲೂ ಇಲ್ಲ. "ಜಿಐ ಬ್ಯಾಡ್ರಿ ಸರ್ರ. ಸುಟ್ರ ಬಿಳೀ ಹೊಗಿ ಬರ್ತದ, ರಾತ್ರಿ ಚಳಿಜ್ವರ ಬರ್ತದ." ಸತುವಿನ ಲೇಪ ಸುಟ್ಟ ಹೊಗೆ ಕುಡಿದು ಜ್ವರ ಬಂದು ಮಲಗಿದ್ದು ಅವನಿಗೆ ಅನುಭವ. ಸಾದಾ ಕಬ್ಬಿಣದ ಜಾಲರಿಯಲ್ಲೇ ಬುಟ್ಟಿ ಆಯಿತು.

ಡ್ರಮ್ಮಿನಲ್ಲಿ ಅಡುಗೆ ಎಂದು ಅವನೂ ಮೊದಲು ನಕ್ಕಿದ್ದ. ಅಮೆರಿಕದಲ್ಲಿ 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬಾತ ತಾನು ಕೆಲಸ ಮಾಡುತ್ತಿದ್ದ ಲೋಹದ ಕಾರ್ಖಾನೆಯಲ್ಲಿ ಬಂದರಿಗೆ ಮಾಡುವ ತೇಲು ಬೋಯಾವನ್ನು ಅರ್ಧಕ್ಕೆ ಸೀಳಿ ಒಲೆ ಮಾಡಿದ, ಇವತ್ತಿನ ವೆಬರ್ ಕೆಟಲ್ ಗ್ರಿಲ್ ಹುಟ್ಟಿದ್ದು ಹಾಗೆ ಎಂದೆ. ವಾಸ್ಕೋ ಬಂದರಿನ ಹತ್ತಿರ ಎಷ್ಟೋ ಬೋಯಾ ನೋಡಿದವನು ಅವನು. ಸ್ವಲ್ಪ ಹೊತ್ತು ಯೋಚಿಸಿ, "ಅದು ದುಂಡಗ ಇರ್ತದ, ಛಲೋ ಆಗ್ತದ ಬಿಡ್ರಿ," ಅಂದ. ಒಪ್ಪಿಕೊಂಡ ಹಾಗೆ.

ಇಷ್ಟೆಲ್ಲ ಆದ ಮೇಲೆ ಮೊದಲ ದಿನ ನಾನು ಮಾಡಿದ್ದೇನು ಗೊತ್ತಾ? ಚೀಲದ ಬಾಯಿ ಬಿಚ್ಚಿ ಸೀದಾ ಬುಟ್ಟಿಗೆ ಸುರಿದೆ. ಮೇಲೆ ಒಂದು ಬಾಂಡ್ಲಿ ತುಂಬ ಕೆಂಡ ಹಾಕಿದೆ. ಮೂರು ಕಿಲೋ ಹಂದಿಯ ಭುಜದ ಮಾಂಸ ಮೇಲಿಟ್ಟು, ಮುಚ್ಚಳ ಮುಚ್ಚಿ, ಪಕ್ಕದ ಮನೆಯ ಗೋವಾದ ಅಂಕಲ್ ಜೊತೆ ಹರಟೆಗೆ ಕೂತೆ. ಮುಕ್ಕಾಲು ಗಂಟೆಯಲ್ಲಿ ಡ್ರಮ್ಮಿನ ಥರ್ಮಾಮೀಟರಿನ ಮುಳ್ಳು 190 ಡಿಗ್ರಿ ಸೆಲ್ಸಿಯಸ್. ಎಲ್ಲ ಪೈಪು ಮುಚ್ಚಿದೆ. ಒಂದು ಗಂಟೆ ಬಿಟ್ಟು ನೋಡಿದರೆ 85. ಬೆಂಕಿ ಸತ್ತಿತೇನೋ ಎಂದು ಮುಚ್ಚಳ ಎತ್ತಿದರೆ ಭಗ್ ಎಂದು ಎದ್ದಿತು. ಮತ್ತೆ ಮುಚ್ಚಿದೆ. ಮತ್ತೆ ಸತ್ತಿತು. ಕೊನೆಗೆ ಬುಟ್ಟಿ ಎತ್ತಿದಾಗ ತಳದಲ್ಲಿ ಅಂಗೈ ದಪ್ಪ ಇದ್ದಿಲ ಪುಡಿ, ಅದರ ಮೇಲೆ ಬೂದಿ. ಗಾಳಿಗೆ ಒಳಗೆ ಬರಲು ದಾರಿಯೇ ಇರಲಿಲ್ಲ. ಮೇಲಿನ ದೊಡ್ಡ ತುಂಡುಗಳು ಮಾತ್ರ ಸಿಕ್ಕಷ್ಟು ಗಾಳಿಯಲ್ಲಿ ಕುಣಿದಿದ್ದವು. ಮಾಂಸ ಹೊರಗೆ ಚಪ್ಪಲಿ, ಒಳಗೆ ಹಸಿ. ಅಂಕಲ್ ಸಜ್ಜನರು. "ವಿಂದಾಲು ಮಾಡಿದರೆ ಗೊತ್ತಾಗುವುದಿಲ್ಲ," ಎಂದು ಪಾತ್ರೆ ಸಮೇತ ತಗೊಂಡು ಹೋದರು.

ಆಗ ತಿಳಿದದ್ದು ಇಷ್ಟೇ. ಬ್ರಿಕೆಟ್ ಎಂದು ದಿಂಬಿನಾಕಾರದ ಒತ್ತಿದ ಇದ್ದಿಲು ಸಿಗುತ್ತದೆ ಅಲ್ವಾ, ಅದು ಇದ್ದಿಲಿನ ಪುಡಿಗೆ ಗಂಜಿಯಂಥ ಅಂಟು ಸೇರಿಸಿ ಅಚ್ಚು ಒತ್ತಿದ್ದು. 1920ರ ದಶಕದಲ್ಲಿ ಫೋರ್ಡ್ ಕಂಪನಿ ಕಾರಿನ ಮರದ ಕೆಲಸದಲ್ಲಿ ಉಳಿದ ಚೂರುಗಳಿಂದ ಅದನ್ನು ದೊಡ್ಡದಾಗಿ ಮಾಡತೊಡಗಿತು. ಎಲ್ಲ ಒಂದೇ ಗಾತ್ರ, ಹಾಗಾಗಿ ಒಂದೇ ಸಮ ಉರಿಯುತ್ತದೆ. ಬೂದಿ ಮಾತ್ರ ಜಾಸ್ತಿ. ಮರದ ಇದ್ದಿಲಿಗೆ ಬೂದಿ ಕಡಿಮೆ, ಶಾಖ ಜೋರು, ಗಾಳಿ ಸ್ವಲ್ಪ ಬಿಟ್ಟರೆ ಕೂಡಲೇ ಏಳುತ್ತದೆ, ಮುಚ್ಚಿದರೆ ಬೇಗ ಇಳಿಯುತ್ತದೆ. ಆದರೆ ಒಂದು ತುಂಡು ತೊಡೆಯಷ್ಟು, ಒಂದು ಹೆಬ್ಬೆರಳಷ್ಟು. ಅಚ್ಚು ಮಾಡಿ ಕೊಡುವ ಸಮವನ್ನು ಇಲ್ಲಿ ನಮ್ಮ ಕೈಯೇ ಮಾಡಬೇಕು. ಸ್ಮೋಕರಿನ ಮುಂದೆ ಕೂತು ವಾಲ್ವ್ ತಿರುಗಿಸುವುದು ಆಮೇಲಿನ ಮಾತು. ದಿನ ಹೇಗಿರುತ್ತದೆ ಎನ್ನುವುದು ಗೋಣಿಯ ಮುಂದೆ ಕೂತಾಗಲೇ ತೀರ್ಮಾನವಾಗುತ್ತದೆ.

ನನಗಿದು ಗೊತ್ತಿರಬೇಕಿತ್ತು. ಚಿಕ್ಕವನಿದ್ದಾಗ ಮನೆಯಲ್ಲಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಇತ್ತು. ಅಪ್ಪನ ಶಾಲೆಯ ಅಂಗಿಗೆ ಇಸ್ತ್ರಿ ಹಾಕುವ ಮೊದಲು ಅಮ್ಮ ಮೊರದಲ್ಲಿ ಇದ್ದಿಲು ಆರಿಸುತ್ತಿದ್ದಳು. ಬೇಗ ಹಿಡಿಯಲು ಕರಟದ ಇದ್ದಿಲು, ಹೊತ್ತು ತಡೆಯಲು ಮರದ್ದು. ಕಿಡಿ ಸಿಡಿಸುವ ತುಂಡು ಬಿದ್ದರೆ ಅಂಗಿಯಲ್ಲಿ ತೂತು. ಹಾಗಾಗಿ ಪ್ರತಿ ತುಂಡನ್ನೂ ಇನ್ನೊಂದಕ್ಕೆ ಬಡಿದು ಸದ್ದು ಕೇಳುತ್ತಿದ್ದಳು. ಪೂರ್ತಿ ಸುಟ್ಟ ಒಳ್ಳೆಯ ಇದ್ದಿಲು ಟಿಣ್ ಎನ್ನುತ್ತದೆ, ಹೆಂಚಿನ ಚೂರಿನ ಹಾಗೆ. ಅರ್ಧ ಸುಟ್ಟದ್ದು ಟೊಕ್ ಎನ್ನುತ್ತದೆ, ಕೈಗೂ ಭಾರ. ಒಡೆದರೆ ಒಳಗೆ ಕಂದು ಬಣ್ಣ. ಅದು ಇದ್ದಿಲಲ್ಲ, ಇನ್ನೂ ಸೌದೆ. ಡ್ರಮ್ಮಿಗೆ ಬಿದ್ದರೆ ದಪ್ಪ ಬಿಳಿ ಹೊಗೆ ಬಿಡುತ್ತದೆ, ಕೋಳಿ ಬೀಡಿ ವಾಸನೆ ಹೊಡೆಯುತ್ತದೆ.

ಈಗ ನನ್ನ ಬಳಿ ಮೂರು ಬಕೆಟ್ಟು, ಒಂದು ಮರಳು ಸೋಸುವ ಜರಡಿ. ಚೀಲ ಬಂದ ದಿನ ಎಲ್ಲ ಜರಡಿಗೆ. ಕೆಳಗೆ ಬಿದ್ದ ಪುಡಿ ತೆಂಗಿನ ಬುಡದ ಗೊಬ್ಬರ ಗುಂಡಿಗೆ. (ನಮ್ಮಜ್ಜಿ ಇದ್ದಿದ್ದರೆ ಉಪ್ಪು ಸೇರಿಸಿ ಹಲ್ಲುಪುಡಿ ಮಾಡುತ್ತಿದ್ದಳು.) ಮುಷ್ಟಿಗಿಂತ ದೊಡ್ಡದು ಒಂದು ಬಕೆಟ್ಟಿಗೆ, ನಿಂಬೆಹಣ್ಣಿನಿಂದ ಮುಷ್ಟಿಯ ತನಕ ಇನ್ನೊಂದಕ್ಕೆ, ಅದಕ್ಕಿಂತ ಸಣ್ಣದು ಮೂರನೆಯದಕ್ಕೆ. ಅರ್ಧ ಸುಟ್ಟದ್ದು, ತೊಗಟೆ ಅಂಟಿದ್ದು, ಚೀಲದಲ್ಲಿ ಸುಮ್ನೆ ತೂಕಕ್ಕೆ ಬಂದ ಕಲ್ಲು ಎಲ್ಲ ಹೊರಗೆ. ಹೌದು, ಕಲ್ಲು ಬರುತ್ತದೆ. ಒಮ್ಮೆ ತೆಂಗಿನಕಾಯಿಯಷ್ಟು ದೊಡ್ಡದು ಬಂದಿತ್ತು. ಅದನ್ನೀಗ ಡ್ರಮ್ಮಿನ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದೇನೆ.

ಬುಟ್ಟಿ ತುಂಬುವಾಗ ಅವಸರ ಇಲ್ಲ. ತಳಕ್ಕೆ ದೊಡ್ಡ ತುಂಡು, ಸಂದಿಯಲ್ಲಿ ಮಧ್ಯದ್ದು, ಮೇಲೆ ಸಣ್ಣದು. ಕೈಯಿಂದಲೇ ಜೋಡಿಸುತ್ತೇನೆ, ಊರಲ್ಲಿ ಪಾಗಾರಕ್ಕೆ ಕಲ್ಲು ಕೂರಿಸುವ ಹಾಗೆ. ಗಾಳಿ ನುಸುಳಬೇಕು, ಆದರೆ ದೊಡ್ಡ ಪೊಳ್ಳು ಇರಬಾರದು. ಪೊಳ್ಳಿದ್ದರೆ ಬೆಂಕಿ ಅಲ್ಲಿಗೆ ಬಂದು ಮುಂದೆ ಹಿಡಿಯಲು ಏನೂ ಸಿಗದೆ ಕುಳಿತುಬಿಡುತ್ತದೆ. ನಡುವೆ ಒಂದು ಗುಳಿ ಬಿಡುತ್ತೇನೆ. ಹತ್ತು ಗಂಟೆಯ ಅಡುಗೆಗೆ ನನ್ನ ಡ್ರಮ್ಮಿಗೆ ಸುಮಾರು ನಾಲ್ಕೂವರೆ ಕಿಲೋ ಬೇಕು.

ಇನ್ನು ಹಚ್ಚುವುದು. ಇಡೀ ಬುಟ್ಟಿಗೆ ಬೆಂಕಿ ಹಚ್ಚಿದರೆ ಮುಗಿಯಿತು, ಮತ್ತೆ ಇಳಿಸುವುದು ಬ್ರಹ್ಮನಿಗೂ ಆಗದು. ತೂತು ಕೊರೆದ ಹಾಲಿನಪುಡಿ ಡಬ್ಬದಲ್ಲಿ ಬರೇ ಹತ್ತು ಹನ್ನೆರಡು ತುಂಡು ಕೆಂಪಗೆ ಮಾಡುತ್ತೇನೆ. ಕೆಳಗೆ ಅಡುಗೆ ಎಣ್ಣೆ ಸವರಿದ ಹಳೆ ಪೇಪರ್, ಎರಡು ಒಣ ಕರಟ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರವೂ ತರಬೇಡಿ. ಅಪಾಯ ಒಂದು ಕಡೆ, ಆ ವಾಸನೆ ಮಾಂಸದಿಂದ ಹೋಗುವುದೇ ಇಲ್ಲ. ಕಾಲು ಗಂಟೆಯಲ್ಲಿ ತುಂಡುಗಳ ಅಂಚು ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಗ ಇಕ್ಕಳದಲ್ಲಿ ಎತ್ತಿ ನಡುವಿನ ಗುಳಿಗೆ. ಬೆಂಕಿ ಅಲ್ಲಿಂದ ನಿಧಾನವಾಗಿ ಸುತ್ತಲಿನ ಹಚ್ಚದ ಇದ್ದಿಲಿಗೆ ದಾಟಿಕೊಂಡು ಹೋಗುತ್ತದೆ. ಹಚ್ಚದ ಇದ್ದಿಲಿನ ಮೇಲೆ ಸ್ವಲ್ಪ ಕೆಂಡ ಹಾಕುವ ಈ ಕ್ರಮವನ್ನು ಜನಪ್ರಿಯ ಮಾಡಿದವರು ಜಿಮ್ ಮಿನಿಯನ್ ಎಂಬ ಅಮೆರಿಕದವರು, ಅವರ ಹೆಸರಿನಲ್ಲೇ ಕರೆಯುತ್ತಾರೆ.

ಕಾರ್ಖಾನೆಯ ಬಾಯ್ಲರಿನಲ್ಲಿ ಉಗಿ ಎಷ್ಟು ಬೇಕೋ ಅಷ್ಟು ಇಂಧನ ಕೊಡುತ್ತಾ ಹೋಗುತ್ತೇವೆ, ಗಾಳಿ ಅದರ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ಡ್ರಮ್ಮಿನಲ್ಲಿ ಎಲ್ಲ ತಲೆಕೆಳಗು. ಇಡೀ ದಿನದ ಇಂಧನ ಬೆಳಿಗ್ಗೆಯೇ ಒಳಗಿದೆ. ತುತ್ತು ತುತ್ತಾಗಿ ಕೊಡಬೇಕಾದ್ದು ಗಾಳಿ. ಇದು ತಲೆಗೆ ಹೋಗಲು ನನಗೆ ನಾಲ್ಕು ಶನಿವಾರ ಬೇಕಾಯಿತು, ಹದಿನೇಳು ವರ್ಷದ ಸರ್ವೀಸು ಇಟ್ಟುಕೊಂಡು!

ನನ್ನ ಗುರಿ 115ರಿಂದ 120 ಡಿಗ್ರಿ. ಮುಳ್ಳು 100ಕ್ಕೆ ಬರುವಾಗಲೇ ಎರಡು ಪೈಪಿಗೆ ಮುಚ್ಚಳ ಹಾಕಿ, ವಾಲ್ವ್ ಅರ್ಧ ಮಾಡುತ್ತೇನೆ. ಗುರಿ ಮುಟ್ಟಿದ ಮೇಲೆ ಮುಚ್ಚಿದರೆ ಅದು ನಿಲ್ಲದೆ ದಾಟಿ ಹೋಗುತ್ತದೆ. ವಾಲ್ವ್ ಒಂದು ಕೂದಲು ತಿರುಗಿಸಿದರೆ ಕಾಲು ಗಂಟೆ ಕಾಯಬೇಕು. ಕಾಯದೆ ಮತ್ತೆ ಮತ್ತೆ ತಿರುಗಿಸುವವರು ಡ್ರಮ್ಮನ್ನಲ್ಲ, ತಮ್ಮ ತಲೆಯನ್ನೇ ತಿರುಗಿಸಿಕೊಳ್ಳುತ್ತಾರೆ. ಮೇಲಿನ ಎಂಟು ತೂತು ಮಾತ್ರ ಯಾವಾಗಲೂ ತೆರೆದೇ ಇರಬೇಕು. ಹೊಗೆ ಒಳಗೇ ನಿಂತರೆ ಹಳೆ ಅಡುಗೆಮನೆಯ ತೊಲೆಗೆ ಹತ್ತಿರುತ್ತದಲ್ಲ ಕರಿ ಜಿಡ್ಡು, ಅದೇ ಮಾಂಸಕ್ಕೆ ಹತ್ತುತ್ತದೆ, ಕಹಿ. ತೂತಿನಿಂದ ಬರುವ ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿ, ಕಂಡೂ ಕಾಣದ ಹಾಗಿದ್ದರೆ ಸರಿ. ದಪ್ಪಗೆ ಬಿಳಿ ಬರುತ್ತಿದ್ದರೆ ಮಾಂಸ ಇಡಬೇಡಿ, ಅದು ಮುಗಿಯಲಿ.

ಮಧ್ಯಾಹ್ನದ ಹೊತ್ತಿಗೆ ಒಮ್ಮೊಮ್ಮೆ ಕಾರಣವಿಲ್ಲದೆ ಶಾಖ ಬೀಳುತ್ತದೆ. ಇದ್ದಿಲು ತಳದಲ್ಲಿ ಉರಿದು, ಮೇಲಿನ ತುಂಡುಗಳು ಒಂದಕ್ಕೊಂದು ಸಿಕ್ಕಿ ಸೇತುವೆಯ ಹಾಗೆ ನಿಂತಿರುತ್ತವೆ. ವಾಲ್ವ್ ಮುಟ್ಟುವ ಮೊದಲು ಡ್ರಮ್ಮಿನ ಸೊಂಟಕ್ಕೆ ರಬ್ಬರ್ ಸುತ್ತಿಗೆಯಿಂದ ಎರಡು ತಟ್ಟುತ್ತೇನೆ. ಒಳಗೆ ಸರಸರ ಎಂದು ಕುಸಿಯುತ್ತದೆ, ಹತ್ತು ನಿಮಿಷದಲ್ಲಿ ಮುಳ್ಳು ಮೇಲೇಳುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಮಗಳು ಚೆಂಡು ಎಸೆದು ಡ್ರಮ್ಮಿಗೆ ಹೊಡೆದಾಗ ಗೊತ್ತಾಯಿತು.

ಹಂದಿಯ ಭುಜದ ಮಾಂಸದ ಒಳಶಾಖ 68ರ ಸುಮಾರಿಗೆ ಬಂದು ಎರಡು ಗಂಟೆ ಅಲ್ಲಾಡದೆ ನಿಲ್ಲುತ್ತದೆ. ಬೆಂಕಿಯ ತಪ್ಪಲ್ಲ, ಮಾಂಸ ಬೆವರುತ್ತಿದೆ. ಆ ಬೆವರು ಆರುವಾಗ ತಣ್ಣಗಾಗುತ್ತದೆ, ಮಣ್ಣಿನ ಹೂಜಿಯ ನೀರಿನ ಹಾಗೆ. ಮೊದಮೊದಲು ಗಾಬರಿಯಾಗಿ ಗಾಳಿ ಜಾಸ್ತಿ ಬಿಟ್ಟು ಹಾಳು ಮಾಡಿದ್ದೇನೆ. ಈಗ ಬಾಳೆಲೆಯಲ್ಲಿ ಸುತ್ತಿ, ಮೇಲೆ ಫಾಯಿಲ್ ಹಾಕಿ ಮತ್ತೆ ಒಳಗಿಡುತ್ತೇನೆ. 94, 95 ಡಿಗ್ರಿಗೆ ಬಂದಾಗ ಮೂಳೆ ಕೈಯಲ್ಲೇ ಕಳಚಿ ಬರುತ್ತದೆ. ಅದರ ಮೇಲೆ ಇಲ್ಲಿನ ತೆಂಗಿನ ಶೇಂದಿಯ ವಿನೆಗರ್ ಚಿಮುಕಿಸಿದರೆ ಬೇರೆ ಸಾಸು ಬೇಡವೇ ಬೇಡ.

ಹೊಗೆಯ ರುಚಿಗೆ ಇದ್ದಿಲೊಂದೇ ಸಾಲದು, ಒಣ ಮರದ ತುಂಡು ಮೂರ್ನಾಲ್ಕು ಬೇಕು. ನನಗದು ಊರಿಂದ ಬರುತ್ತದೆ. ಎರಡು ವರ್ಷದ ಹಿಂದೆ ಗಾಳಿಮಳೆಗೆ ನಮ್ಮ ಮನೆಯ ಹಿಂದಿನ ಕರಿ ಈಶಾಡ ಮಾವಿನ ದೊಡ್ಡ ಕೊಂಬೆ ಮುರಿದು ಬಿತ್ತು. ಅಂಕೋಲಾದವರಿಗೆ ಕರಿ ಈಶಾಡ ಅಂದರೆ ಬರೇ ಮಾವಲ್ಲ. ಕೊಂಬೆ ಬಿದ್ದ ದಿನ ಅಮ್ಮ ಫೋನಿನಲ್ಲಿ ಯಾರೋ ತೀರಿಕೊಂಡ ದನಿಯಲ್ಲಿ ಹೇಳಿದ್ದಳು. ಅದನ್ನು ಕೊಯ್ದು, ಅಟ್ಟದಲ್ಲಿ ಒಣಗಿಸಿ, ಮುಷ್ಟಿ ಗಾತ್ರದ ತುಂಡು ಮಾಡಿ ಕಾರಿನ ಡಿಕ್ಕಿಯಲ್ಲಿ ತಂದಿದ್ದೇನೆ. ಬುಟ್ಟಿಯಲ್ಲಿ ಇದ್ದಿಲಿನ ನಡುವೆ ಅಲ್ಲಲ್ಲಿ ಹುಗಿಯುತ್ತೇನೆ, ಬೆಂಕಿ ಒಂದೊಂದನ್ನೇ ಸರದಿಯಲ್ಲಿ ಮುಟ್ಟಲಿ ಎಂದು. ಪೇರಳೆ ಮರವೂ ಒಳ್ಳೆಯದು.

ಗೇರುಬೀಜದ ಸಿಪ್ಪೆ ಮಾತ್ರ ಹಾಕಬೇಡಿ. ನಾನು ಹಾಕಿದ್ದೆ. ಗೋವಾದಲ್ಲಿದ್ದೇವೆ, ಗೇರಿನ ಹೊಗೆ ಕೊಟ್ಟರೆ ಎಷ್ಟು ಚೆನ್ನ ಎನ್ನುವ ಕವಿತ್ವ. ಆ ಸಿಪ್ಪೆಯ ಎಣ್ಣೆ ಚರ್ಮ ಸುಡುವಂಥದ್ದು, ಅದರ ಹೊಗೆಯೂ ಹಾಗೇ. ಕಣ್ಣು, ಗಂಟಲು ಉರಿದು ಇಡೀ ಓಣಿ ಕಿಟಕಿ ಮುಚ್ಚಿತು. ಎರಡು ಕೋಳಿ ಮಣ್ಣಿಗೆ ಹೋದವು. ಬಾಲ್ಯದಲ್ಲಿ ಗೇರುಬೀಜ ಸುಟ್ಟು ತಿಂದು ತುಟಿ ಬೊಬ್ಬೆ ಎಬ್ಬಿಸಿಕೊಂಡವನಿಗೆ ಇಷ್ಟೂ ಹೊಳೆಯಲಿಲ್ಲವಲ್ಲ!

ಮಳೆಗಾಲ ಇನ್ನೊಂದು ಕಥೆ. ಇದ್ದಿಲು ಒಳಗೆಲ್ಲ ಸಣ್ಣ ಸಣ್ಣ ರಂಧ್ರ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಒಂದು ವರ್ಷ ಜೂನಿನಲ್ಲಿ ಐದು ಕಿಲೋ ತೂಗಿ ಗೋಣಿಯಲ್ಲೇ ಬಿಟ್ಟಿದ್ದೆ. ಆಗಸ್ಟಿನಲ್ಲಿ ತೂಗಿದರೆ ಹತ್ತಿರ ಹತ್ತಿರ ಅರ್ಧ ಕಿಲೋ ಜಾಸ್ತಿ. ಬಿಟ್ಟಿ ಸಿಕ್ಕಿತು ಎಂದು ಖುಷಿ ಪಡುವ ಹಾಗಿಲ್ಲ, ಅಷ್ಟೂ ನೀರು. ಹಚ್ಚಿದರೆ ಚಟಪಟ ಸಿಡಿಯುತ್ತದೆ, ಬೇಗ ಹಿಡಿಯುವುದಿಲ್ಲ. ಈಗ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಮೇ ತಿಂಗಳಲ್ಲೇ ತುಂಬಿಡುತ್ತೇನೆ.

ಅಡುಗೆ ಮುಗಿದ ಕೂಡಲೇ ಮೂರೂ ಪೈಪು, ಮೇಲಿನ ಎಂಟು ತೂತು ಎಲ್ಲ ಬಂದ್. ಗಾಳಿ ಇಲ್ಲದೆ ಕೆಂಡ ಆರಿ, ಬೆಳಿಗ್ಗೆ ನೋಡಿದರೆ ಒಂದೂವರೆ ಕಿಲೋ ಇದ್ದಿಲು ಉಳಿದಿರುತ್ತದೆ. ಬೂದಿ ಕೊಡವಿ ಮುಂದಿನ ವಾರ ಹೊಸದರ ಜೊತೆ ಸೇರಿಸುತ್ತೇನೆ. ಒಮ್ಮೆ ಸುಟ್ಟದ್ದು ಬೇಗ ಹಿಡಿಯುತ್ತದೆ, ಹಾಗಾಗಿ ಅದರ ಜಾಗ ಮೇಲೆ. ಈ ಉಳಿದ ಕೆಂಡದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಡಿಸೆಂಬರಿನ ಒಂದು ರಾತ್ರಿ ಮನೆಗೆ ಬಂದ ನೆಂಟರೊಬ್ಬರು ಚಳಿಗೆ ಬೆಚ್ಚಗಿರಲಿ ಎಂದು ಕೆಂಡದ ಬಕೆಟ್ಟನ್ನು ಮಲಗುವ ಕೋಣೆಗೆ ಒಯ್ಯಲು ಹೊರಟಿದ್ದರು. ಊರಲ್ಲಿ ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುತ್ತಿರಲಿಲ್ವಾ ಎಂದು ವಾದ ಬೇರೆ. ಇಡುತ್ತಿದ್ದರು, ಹಂಚಿನ ಮಾಡಿನ ಸಂದಿಯಲ್ಲಿ ಆಕಾಶ ಕಾಣುತ್ತಿದ್ದ ಮನೆಗಳಲ್ಲಿ. ಅಲ್ಲೂ ಅದು ಅಪಾಯವೇ ಆಗಿತ್ತು. ಕಿಟಕಿ ಮುಚ್ಚಿದ ಸ್ಲ್ಯಾಬ್ ಮನೆಯಲ್ಲಿ ಇದ್ದಿಲಿನ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ. ಸ್ಮೋಕರ್ ಆಗಲಿ, ಕೆಂಡ ಆಗಲಿ, ಬಾಗಿಲಿಂದಾಚೆಗೇ ಇರಬೇಕು. ನೆಂಟರಿಗೆ ಎರಡು ಕಂಬಳಿ ಕೊಟ್ಟೆವು.

ಕಳೆದ ತಿಂಗಳು ಅಮ್ಮ ಬಂದಿದ್ದಳು. ಅವಳು ಹಂದಿ ತಿನ್ನುವುದಿಲ್ಲ, ಹಾಗಾಗಿ ಅವತ್ತು ಕೋಳಿ ಮತ್ತು ಬಂಗಡೆ. ನಾನು ಮೂರು ಬಕೆಟ್ಟು ಜೋಡಿಸಿಕೊಂಡು ಕೂತಿದ್ದು ನೋಡಿ ಒಳಗಿಂದ ಮಣೆ ತಂದು ಪಕ್ಕದಲ್ಲಿ ಕೂತಳು. ನಾನು ಆರಿಸಿ ಮುಗಿಸಿದ್ದ ಬಕೆಟ್ಟಿಗೇ ಕೈ ಹಾಕಿದಳು. ಒಂದೊಂದೇ ತುಂಡು ಬಡಿದು ನೋಡಿ, ಎರಡನ್ನು ತೆಗೆದು ಹೊರಗೆಸೆದಳು.

"ಇದು ಹಸಿ. ಕಿವಿ ಕೇಳುದಿಲ್ವಾ ನಿಂಗೆ?"

ಅವಳು ಕೈ ತೊಳೆಯಲು ಹೋದಾಗ ಆ ಎರಡೂ ತುಂಡನ್ನು ಒಡೆದು ನೋಡಿದೆ. ಒಂದರ ಒಳಗೆ ಕಂದು ಬಣ್ಣ, ಅವಳು ಹೇಳಿದ ಹಾಗೇ. ಇನ್ನೊಂದು ಪೂರ್ತಿ ಕಪ್ಪಗಿತ್ತು. ಅದನ್ನು ಮೆಲ್ಲಗೆ ಬುಟ್ಟಿಗೆ ಹಾಕಿಕೊಂಡೆ, ಅವಳಿಗೆ ಹೇಳಲಿಲ್ಲ.